ಬಾಯಿಮಾತೂ ಬರೆದ ಮಾತೂ

ಮನೆವಾರ್ತೆಯನ್ನು ಬಲ್ಲ ಗೃಹಿಣಿಯು ಹಾಲಿನ ಲೆಕ್ಕವನ್ನು ನೆನಪಿಗೆ ಒಪ್ಪಿಸಿ ಸುಮ್ಮನಿರುವುದಿಲ್ಲ. ಗೋಡೆಯ ಮೇಲಾಗಲಿ, ಪಂಚಾಂಗದ ಅಂಚಿನಲ್ಲಾಗಲಿ, ಆಯಾ ದಿನದ ಗುರುತನ್ನು ಆಯಾ ದಿನವೇ ಹಾಕಿಡುವಳು. ಹಾಲು ಹಾಕುವವನಲ್ಲಿ ಅಪನಂಬಿಕೆಯಿಂದ ಹೀಗೆ ಮಾಡುವುದಲ್ಲ. ತಿಂಗಳ ಕೊನೆಯಲ್ಲಿ ಇಬ್ಬರಿಗೂ ಮನಸ್ತಾಪಕ್ಕೆ ಎಡೆಯಿರಬಾರದೆಂಬುದೇ ಅದರ ಉದ್ದೇಶವು. ಇಷ್ಟು ಸಣ್ಣ ಸಂಗತಿಯಿಂದ ನಾವು ಈ ತಿಂಗಳ ಪ್ರಸ್ತಾಪವನ್ನು ಆರಂಭಿಸುವುದಕ್ಕೆ ಕಾರಣವುಂಟು. ಭಾರತ ಸರ್ಕಾರದ ಅಧಿಕಾರವರ್ಗವು ಹೇಗೆ ಏರ್ಪಟ್ಟಿದೆ, ಅದರ ಮೇಲೆ ಕಣ್ಣಿಟ್ಟಿರುವವರು ಯಾರು ಎಂದು ವಿಚಾರಿಸುತ್ತ ಹೋದರೆ, ಕೊನೆಗೆ ನಾವು ಬಂದು ನಿಲ್ಲುವುದು ಈ ಗೋಡೆಯ ಗುರುತಿನ ಬಳಿಗೇ.

ಮೊದಲು ಏರ್ಪಾಡನ್ನು ನೋಡೋಣ. ಯಾವ ಕಾರ್ಯವು ಯಾವ ಮಂತ್ರಾಲಯಕ್ಕೆ ಸೇರಿದುದೆಂಬುದನ್ನು ಸಂವಿಧಾನದ 77ನೆಯ ವಿಧಿಯ ಮೇರೆಗೆ 1961ರಲ್ಲಿ ಮಾಡಿದ ನಿಯಮಗಳು ಗೊತ್ತುಮಾಡಿವೆ. ಮಂತ್ರಾಲಯಕ್ಕೆ ಮಂತ್ರಿಗಳು ಯಜಮಾನರು. ಅವರು ಪಾರ್ಲಿಮೆಂಟಿಗೆ ಉತ್ತರ ಹೇಳತಕ್ಕವರು. ಅವರ ಕೆಳಗೆ ಆಡಳಿತದ ಮುಖ್ಯಸ್ಥರಾದ ಕಾರ್ಯದರ್ಶಿಗಳು. ಆ ಬಳಿಕ ಜಂಟಿ ಕಾರ್ಯದರ್ಶಿ, ಉಪ ಕಾರ್ಯದರ್ಶಿ, ಅಧೀನ ಕಾರ್ಯದರ್ಶಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಶಾಖಾಧಿಕಾರಿಯನ್ನೂ ಅವನ ಸಹಾಯಕರನ್ನೂ ಸೇರುವುದು. ಎಲ್ಲ ಮಂತ್ರಾಲಯಗಳ ಕೆಲಸವನ್ನು ಹೊಂದಿಸುವ ಹೊಣೆಯು ಸಂಪುಟ ಕಾರ್ಯದರ್ಶಿಗಳದು. ಮಂತ್ರಿಗಳು ಚುನಾವಣೆಯೊಡನೆ ಬಂದು ಹೋಗುವರು; ಅಧಿಕಾರಿಗಳೋ, ಬಹುಮಟ್ಟಿಗೆ, ನಿವೃತ್ತಿಯವರೆಗೂ ಇರುವವರು. ನೀತಿಯನ್ನು ನಿರ್ಣಯಿಸುವುದು ಮೊದಲಿನವರ ಕೆಲಸ. ಸಲಹೆ ಕೊಡುವುದೂ, ನಿರ್ಣಯವಾದುದನ್ನು ನಡೆಸುವುದೂ ಎರಡನೆಯವರ ಕೆಲಸ.

ಈ ಮೆಟ್ಟಿಲುಗಳ ಮೇಲೆ ಏರುತ್ತಲೂ ಇಳಿಯುತ್ತಲೂ ಇರುವ ವಸ್ತು ಕಡತ. ಇದು ನಮ್ಮ ನಾಡಿನ ಹಳೆಯ ಮಾತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ಪುಸ್ತಕಕ್ಕೆ ಆ ಹೆಸರಿತ್ತು. ಈಗಿನ ಕಡತದಲ್ಲಿ ಎರಡು ಭಾಗಗಳು: ಬಂದು ಹೋದ ಪತ್ರಗಳದು ಒಂದು, ಅಧಿಕಾರಿಗಳ ಟಿಪ್ಪಣಿಗಳದು ಇನ್ನೊಂದು. ಕೆಳಗಿನವನು ವಿಷಯವನ್ನೂ ನಿಯಮವನ್ನೂ ಬರೆದು ರುಜು ಹಾಕಿ ಮೇಲಕ್ಕೆ ಕಳುಹಿಸುವನು. ಮೇಲಿನವರು ಒಪ್ಪಿದರೂ, ಒಪ್ಪದಿದ್ದರೂ, ಬರೆದೇ ತಿಳಿಸತಕ್ಕದ್ದು. ಈಚೆಗೆ ಕಾಗದಕ್ಕೆ ಬದಲಾಗಿ ಗಣಕಯಂತ್ರದಲ್ಲಿ ಕಡತಗಳನ್ನು ನಡೆಸುತ್ತಿರುವರಾದರೂ ಪದ್ಧತಿಯು ಅದೇ. ಇದರಿಂದ ಕೆಲಸವು ತಡವಾಗುವುದೆಂಬ ದೂರು ಸುಳ್ಳಲ್ಲ. ಆದರೆ ಯಾರು, ಯಾವ ದಿನ, ಯಾವ ಕಾರಣದಿಂದ ಏನನ್ನು ನಿಶ್ಚಯಿಸಿದರೆಂಬುದಕ್ಕೆ ಇದಲ್ಲದೆ ಬೇರೆ ಸಾಕ್ಷಿಯಿಲ್ಲ.

ಈ ಸಾಕ್ಷಿಯು ಇಲ್ಲದೆ ಹೋದರೆ ಆಗುವುದೇನೆಂಬುದಕ್ಕೆ ಒಂದು ಉದಾಹರಣೆಯನ್ನು ಕೊಡುವೆವು. 1956ರಲ್ಲಿ ಜೀವವಿಮೆಯ ವ್ಯಾಪಾರವನ್ನು ಸರ್ಕಾರವು ವಹಿಸಿಕೊಂಡು ಜೀವವಿಮಾ ನಿಗಮವನ್ನು ಸ್ಥಾಪಿಸಿತು. ಮರುವರ್ಷವೇ ನಿಗಮವು ಹರಿದಾಸ ಮುಂದ್ರಾ ಎಂಬ ವರ್ತಕರ ಆರು ಕಂಪೆನಿಗಳ ಷೇರುಗಳನ್ನು ಸುಮಾರು 1 ಕೋಟಿ 24 ಲಕ್ಷ ರೂಪಾಯಿಗೆ ಕೊಂಡಿತು. ನಿಗಮದ ಹೂಡಿಕೆ ಸಮಿತಿಯನ್ನು ಮುಂದಾಗಿ ಕೇಳಿಯೇ ಇರಲಿಲ್ಲ. ಆ ಹಣವು ಯಾರದು? ಹೆಂಡತಿ ಮಕ್ಕಳಿಗೆಂದು ಸಂಬಳದಲ್ಲಿ ಉಳಿಸಿ ಕಂತು ಕಟ್ಟಿದ ಸಂಸಾರಿಗರದು. ಲೋಕಸಭೆಯಲ್ಲಿ ಫಿರೋಜ್ ಗಾಂಧಿಯವರು ಇದನ್ನು ಎತ್ತಿದರು. ಅವರು ಆಳುವ ಪಕ್ಷದ ಸದಸ್ಯರೇ, ಪ್ರಧಾನಿಗಳ ಅಳಿಯಂದಿರೇ. ಮುಂಬಯಿಯ ಮುಖ್ಯ ನ್ಯಾಯಾಧೀಶರಾದ ಎಂ. ಸಿ. ಛಾಗ್ಲಾ ಅವರ ವಿಚಾರಣೆಯು 1958ರಲ್ಲಿ ಬಹಿರಂಗವಾಗಿ ನಡೆಯಿತು. ತಾವು ಅನುಮತಿ ಕೊಟ್ಟಿರಲಿಲ್ಲವೆಂದು ಅರ್ಥಮಂತ್ರಿ ಟಿ. ಟಿ. ಕೃಷ್ಣಮಾಚಾರಿಯವರು ಹೇಳಿದರು, ಮಂತ್ರಿಗಳಿಗೆ ತಿಳಿದೇ ನಡೆಯಿತೆಂದು ಕಾರ್ಯದರ್ಶಿ ಎಚ್. ಎಂ. ಪಟೇಲರು ಹೇಳಿದರು. ವಿವಾದವೆಲ್ಲವೂ ಬಾಯಿಮಾತಿನ ಮೇಲೆ ನಿಂತಿತು. ಕಾರ್ಯದರ್ಶಿಯ ಕೃತ್ಯಕ್ಕೆ ಮಂತ್ರಿಯೇ ಹೊಣೆಯೆಂದು ಛಾಗ್ಲಾ ಅವರು ನಿರ್ಣಯಿಸಿದರು. ಮಂತ್ರಿಗಳು ರಾಜೀನಾಮೆ ಕೊಟ್ಟರು. ಒಂದು ಹಾಳೆಯ ಮೇಲೆ ನಾಲ್ಕು ಸಾಲು ಬರೆದಿದ್ದರೆ ಸತ್ಯವು ಇಷ್ಟು ಕಷ್ಟದಿಂದ ಹೊರಬೀಳಬೇಕಾಗಿರಲಿಲ್ಲ.

ಬರೆಯಬೇಕೆಂದು ಹೇಳುವುದು ಸುಲಭ. ಮೇಲಿನವರಿಗೆ ಅಪ್ರಿಯವಾದುದನ್ನು ಬರೆಯುವುದು ಸುಲಭವಲ್ಲ. ಅನ್ನಕ್ಕೆ ಸಂಚಕಾರ ಬರುವುದೆಂಬ ಭಯವಿರುವ ಕೈಯು ಸತ್ಯವನ್ನು ಬರೆಯಲಾರದು. ಸಂವಿಧಾನವನ್ನು ರಚಿಸಿದವರು ಇದನ್ನರಿತಿದ್ದರು. 1949ರ ಅಕ್ಟೋಬರ್‌ನಲ್ಲಿ ಸರ್ದಾರ್ ಪಟೇಲರು ಸಂವಿಧಾನಸಭೆಯಲ್ಲಿ ಅಧಿಕಾರಿಗಳ ಪರವಾಗಿ ವಾದಿಸುತ್ತ, ತಮ್ಮ ಅಭಿಪ್ರಾಯಕ್ಕೆ ವಿರುದ್ಧವಾಗಿ ಟಿಪ್ಪಣಿ ಬರೆಯುವ ಸ್ವಾತಂತ್ರ್ಯವನ್ನು ತಮ್ಮ ಕಾರ್ಯದರ್ಶಿಗಳಿಗೆಲ್ಲ ಕೊಟ್ಟಿರುವುದಾಗಿ ತಿಳಿಸಿದರು. ನೇಮಕವು ಮಂತ್ರಿಗಳ ಮರ್ಜಿಯಿಂದಾಗದೆ ಲೋಕಸೇವಾ ಆಯೋಗದ ಪರೀಕ್ಷೆಯಿಂದಾಗುವುದೂ, ವಿಚಾರಣೆಯಿಲ್ಲದೆ ಸಾಮಾನ್ಯವಾಗಿ ಯಾರನ್ನೂ ಕೆಲಸದಿಂದ ತೆಗೆಯಕೂಡದೆಂದು 311ನೆಯ ವಿಧಿಯು ಹೇಳುವುದೂ ಇದೇ ಉದ್ದೇಶದಿಂದ. ಈ ರಕ್ಷಣೆಯ ಮರೆಯಲ್ಲಿ ಮೈಗಳ್ಳರೂ ಲಂಚಕೋರರೂ ಅಡಗಿರುವುದುಂಟು. ಹಾಗೆಂದು ಬೇಲಿಯನ್ನೇ ಕಿತ್ತರೆ ಮೊದಲು ಹಾಳಾಗುವುದು ಪೈರೇ ಹೊರತು ಕಳೆಯಲ್ಲ.

ರಕ್ಷಣೆಯಿದ್ದ ಮೇಲೆ ಮೇಲ್ವಿಚಾರಣೆಯೂ ಇರತಕ್ಕದ್ದು. ಕಾನೂನಿನ ಅಪ್ಪಣೆಯಿಲ್ಲದೆ ಕೇಂದ್ರದ ಸಂಚಿತ ನಿಧಿಯಿಂದ ಹಣವನ್ನು ತೆಗೆಯುವಂತಿಲ್ಲ. ಖರ್ಚಾದುದನ್ನು ಮಹಾಲೇಖಪಾಲರು ತನಿಖೆ ಮಾಡುವರು. ಇವರನ್ನು ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರನ್ನು ತೆಗೆಯುವ ರೀತಿಯಿಂದಲ್ಲದೆ ತೆಗೆಯಲಾಗದು. ಅಧಿಕಾರ ಮುಗಿದ ಮೇಲೆ ಅವರು ಸರ್ಕಾರದ ಬೇರೆ ಯಾವ ಹುದ್ದೆಯನ್ನೂ ಹಿಡಿಯುವಂತಿಲ್ಲವಾದುದರಿಂದ ಮುಂದಿನ ಆಸೆಗೆ ಈಗಿನ ಲೆಕ್ಕವು ಬಾಗುವ ಪ್ರಸಕ್ತಿಯಿಲ್ಲ. ಅವರ ವರದಿಯನ್ನು ಪಾರ್ಲಿಮೆಂಟಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯು ಪರಿಶೀಲಿಸುವುದು. ಅದರಲ್ಲಿ ಲೋಕಸಭೆಯ 15, ರಾಜ್ಯಸಭೆಯ 7 ಸದಸ್ಯರಿರುವರು. ಮಂತ್ರಿಗಳಿಗೆ ಅಲ್ಲಿ ಸ್ಥಾನವಿಲ್ಲ. 1967ರಿಂದ ವಿರೋಧಪಕ್ಷದವರೇ ಅಧ್ಯಕ್ಷರಾಗುವ ಸಂಪ್ರದಾಯವಿದೆ. ಲಂಚದ ವಿಷಯವನ್ನು ನೋಡಿಕೊಳ್ಳಲು 1964ರಲ್ಲಿ ಕೇಂದ್ರ ಜಾಗೃತ ಆಯೋಗವು ಏರ್ಪಟ್ಟಿತು. ಅದರ ಮೊದಲನೆಯ ಆಯುಕ್ತರು ನಮ್ಮ ನಿಟ್ಟೂರು ಶ್ರೀನಿವಾಸರಾಯರೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ. ಈ ಪರೀಕ್ಷಕರೆಲ್ಲರೂ ನೋಡುವುದು ಬರೆದುದನ್ನು. ಬರೆಯದೆ ಬಿಟ್ಟುದನ್ನು ಎಂಥ ನಿಪುಣನಾದ ಲೆಕ್ಕಿಗನೂ ತನಿಖೆ ಮಾಡಲಾರನು.

ಆದುದರಿಂದಲೇ ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಕೊಟ್ಟ ಒಂದು ತೀರ್ಪನ್ನು ನಾವು ಬಹು ಮುಖ್ಯವೆಂದು ಎಣಿಸುವೆವು. ಹಿಂದೆ ಸಂಪುಟ ಕಾರ್ಯದರ್ಶಿಗಳಾಗಿದ್ದ ಟಿ. ಎಸ್. ಆರ್. ಸುಬ್ರಮಣಿಯನ್ ಮೊದಲಾದ ನಿವೃತ್ತ ಅಧಿಕಾರಿಗಳು ಹೂಡಿದ ದಾವೆಯದು. ಮೇಲಿನವರು ಬಾಯಿಮಾತಿನಿಂದ ಕೊಟ್ಟ ಆಜ್ಞೆಯನ್ನು ಅಧಿಕಾರಿಗಳು ಬರೆದಿಡಬೇಕೆಂದೂ, ಬರೆಯದೆ ನಡೆದರೆ ಪ್ರಜೆಗಳಿಗಿರುವ ಮಾಹಿತಿಯ ಹಕ್ಕೇ ವಿಫಲವಾಗುವುದೆಂದೂ ನ್ಯಾಯಾಲಯವು ಹೇಳಿತು. ಆಡಳಿತದ ಬೀಗದ ಕೈಯ ಒಂದು ಪ್ರತಿಯು ಪ್ರಜೆಯ ಸೊಂಟದಲ್ಲಿಯೂ ಇದೆಯೆಂಬುದನ್ನು ಈ ಮಾತು ನೆನಪಿಸುವುದು.

ಆ ಬೀಗದ ಕೈಯೇ 2005ರ ಅಕ್ಟೋಬರ್ 12ರಿಂದ ಜಾರಿಗೆ ಬಂದ ಮಾಹಿತಿ ಹಕ್ಕಿನ ಕಾನೂನು. ಟಿಪ್ಪಣಿಗಳನ್ನು ಅದರ ಹೊರಗಿಡುವ ತಿದ್ದುಪಡಿಯನ್ನು 2006ರಲ್ಲಿ ಸರ್ಕಾರವು ಯೋಚಿಸಿ, ಜನರು ವಿರೋಧಿಸಲಾಗಿ ಕೈಬಿಟ್ಟಿತು. ದೇಶರಕ್ಷಣೆಯೇ ಮೊದಲಾದ ಕೆಲವು ವಿಷಯಗಳ ಹೊರತು, ಕೇಂದ್ರ ಸರ್ಕಾರದ ಕಚೇರಿಗೆ 10 ರೂಪಾಯಿಯ ಶುಲ್ಕದೊಡನೆ ಅರ್ಜಿ ಕೊಟ್ಟರೆ 30 ದಿನಗಳೊಳಗಾಗಿ ಉತ್ತರ ಕೊಡತಕ್ಕದ್ದು. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿಯವರೆಗೂ ದಂಡ ಹಾಕುವ ಅಧಿಕಾರವು ಮಾಹಿತಿ ಆಯೋಗಕ್ಕೆ ಉಂಟು. ವಿಧವೆಯೊಬ್ಬಳ ಕುಟುಂಬ ಪಿಂಚಣಿಯು ನಿಂತುಹೋಗಿದ್ದರೆ, ಏಕೆ ಹೀಗಾಯಿತೆಂದು ಕೇಳಿದ ಪ್ರಶ್ನೆಗೆ ಹಾರಿಕೆಯ ಉತ್ತರ ಬಂದೀತು. ಅದರ ಬದಲು, ಅರ್ಜಿಯು ಯಾವ ದಿನ ಬಂದಿತು, ಯಾವ ಅಧಿಕಾರಿಯ ಬಳಿ ಎಷ್ಟು ದಿನವಿತ್ತು, ಏನು ಟಿಪ್ಪಣಿಯಾಯಿತು ಎಂದು ಕೇಳಿ ನಕಲನ್ನು ಬೇಡುವುದು ಲೇಸು. ಎಷ್ಟೋ ವೇಳೆ ನಕಲು ಸಿದ್ಧವಾಗುವುದಕ್ಕೆ ಮುಂಚೆಯೇ ಕೆಲಸವು ಸಿದ್ಧವಾಗಿರುವುದು.

ನಮ್ಮಲ್ಲಿಯೂ ಒಂದು ದೋಷವುಂಟೆಂಬುದನ್ನು ಮುಚ್ಚಿಡಲಾಗದು. ಕಚೇರಿಗೆ ಹೋದೊಡನೆ ನಾವು ಅಲ್ಲಿ ಪರಿಚಿತರು ಯಾರಿರುವರೆಂದು ಹುಡುಕುವೆವು. ಒಂದು ಮಾತು ಹೇಳಿಸಿದರೆ ಸಾಕೆಂದು ಭಾವಿಸುವೆವು. ನಮಗಾಗಿ ಆಡಿಸಿದ ಆ ಬಾಯಿಮಾತು ಸರದಿಯಲ್ಲಿ ನಿಂತ ಇನ್ನೊಬ್ಬರ ಅರ್ಜಿಯನ್ನು ಹಿಂದಕ್ಕೆ ತಳ್ಳುವುದೆಂಬುದು ನಮಗೆ ಹೊಳೆಯುವುದಿಲ್ಲ. ಬಾಯಿಮಾತಿನಿಂದ ನಡೆಯುವ ಸರ್ಕಾರವನ್ನು ದೂರುವವರು ತಾವು ಬಾಯಿಮಾತಿನಿಂದ ಕೆಲಸ ಸಾಧಿಸದಿರುವುದು ಯುಕ್ತವು.

ಆದುದರಿಂದ ನಮ್ಮ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ: ಯಾವ ಅರ್ಜಿಯನ್ನಾದರೂ ಬರೆದು ಕೊಡಿರಿ; ಕೊಟ್ಟುದಕ್ಕೆ ಸ್ವೀಕೃತಿಯನ್ನು ಪಡೆಯಿರಿ; ತಾರೀಖನ್ನು ಗುರುತು ಹಾಕಿಡಿರಿ. ಹಾಲಿನ ಲೆಕ್ಕವಿರುವ ಗೋಡೆಯ ಮೇಲೆ ಅದಕ್ಕೂ ಒಂದಿಷ್ಟು ಸ್ಥಳವಿರಲಿ.