ಸಂಕ ಆಟಿಕೆಯಲ್ಲ, ಕಾನು ಕ್ರೀಡಾಂಗಣವಲ್ಲ

ಮಲೆನಾಡಿನಲ್ಲಿ ಹೊಸದೊಂದು ಬೇಡಿಕೆ ತಲೆಯೆತ್ತಿದೆ. ಮೌಂಟೇನ್ ಬೈಕ್ ಎಂಬ ದಪ್ಪಗಾಲಿಯ ಸೈಕಲ್ಲಿನ ಸವಾರರಿಗೆ, ಅದರಲ್ಲೂ ಗೇಣಗಲಕ್ಕಿಂತ ಕಿರಿದಾದ ಹಲಗೆಯ ಮೇಲೆ ಆಯ ತಪ್ಪದೆ ಸಾಗುವ ವಿದ್ಯೆಯನ್ನು ಕಲಿಯಬಯಸುವವರಿಗೆ, ಅಭ್ಯಾಸದ ಜಾಗ ಬೇಕು. ಆ ಜಾಗ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಾಡಿನೊಳಗೇ ಆಗಬೇಕು ಎಂಬುದು ಆ ಬೇಡಿಕೆ. ಹೋಂಸ್ಟೇಯವರಿಗೆ ಇದರಲ್ಲಿ ಹೊಸ ಗಿರಾಕಿಗಳು ಕಾಣುತ್ತಾರೆ. ಪ್ರವಾಸೋದ್ಯಮದ ವಕ್ತಾರರಿಗಂತೂ ‘ಸಾಹಸ’ ಎಂಬ ಪದ ಕಿವಿಗೆ ಬಿದ್ದರೆ ಸಾಕು, ನಮ್ಮ ಗುಡ್ಡಗಳೆಲ್ಲ ಖಾಲಿ ಬಿದ್ದಿರುವಂತೆ ತೋರತೊಡಗುತ್ತದೆ. ಊರಿನ ಹುಡುಗರೂ, ರಜೆಗೆ ಬಂದ ನೆಂಟರ ಮಕ್ಕಳೂ ಕಾಲುಸಂಕಗಳ ಮೇಲೆ ಸೈಕಲ್ ಹತ್ತಿಸಿ ಮೊಬೈಲಿನಲ್ಲಿ ಚಿತ್ರ ಹಿಡಿಯುವುದು ಆಗಲೇ ಆರಂಭವಾಗಿದೆ.

ಇದಕ್ಕೆ ನಮ್ಮ ಬಳಗದ ಕೆಲವರು ಕೊಡುವ ಉತ್ತರ ಬಲು ಸುಲಭದ್ದು: ಸೈಕಲ್ಲೇ ಬೇಡ. ಈ ಉತ್ತರವನ್ನೂ ನಾನು ಒಪ್ಪಲಾರೆ. ಕೊಡಚಾದ್ರಿಯ ದಾರಿಯನ್ನು ಜೀಪುಗಳು ಉತ್ತುಹಾಕುವುದನ್ನು ವರ್ಷಗಟ್ಟಲೆ ನೋಡುತ್ತ ಬಂದ ನಾವು, ಹೊಗೆಯುಗುಳದ, ಸದ್ದು ಮಾಡದ, ಸವಾರನ ಮೈಬೆವರಿನಿಂದಲೇ ಚಲಿಸುವ ವಾಹನವೊಂದರ ಮೇಲೆ ಹರಿಹಾಯುವುದು ವಿವೇಕವಲ್ಲ. ಹದಿನೈದರ ಹರೆಯದ ಹುಡುಗ ಹುಡುಗಿಯರು ಮೊಬೈಲು ಬದಿಗಿಟ್ಟು ಸೈಕಲ್ಲಿನ ಮೇಲೆ ಸಮತೋಲನ ಕಲಿಯುತ್ತೇವೆಂದರೆ ಬೇಡವೆನ್ನಲು ನಮಗೇನು ಹಕ್ಕಿದೆ? ಕಲಿಯಲಿ. ಎಲ್ಲಿ ಕಲಿಯಬೇಕೆಂಬುದಷ್ಟೇ ವಿವಾದ.

ಈ ವಿದ್ಯೆಯ ಹುಟ್ಟನ್ನು ಮೊದಲು ತಿಳಿಯಬೇಕು. ಕೆನಡಾದ ವ್ಯಾಂಕೂವರ್ ನಗರದ ಉತ್ತರಕ್ಕಿರುವ ಬೆಟ್ಟಗಳಲ್ಲಿ ನಮ್ಮ ಮಲೆನಾಡಿನಂತೆಯೇ ಮಳೆ, ಕೆಸರು, ಬೇರುಗಳ ಜಾಲ. 1980 ಮತ್ತು 90ರ ದಶಕಗಳಲ್ಲಿ ಅಲ್ಲಿನ ಸವಾರರು ಕೆಸರನ್ನು ದಾಟಲೆಂದು ಬಿದ್ದ ದೇವದಾರು ಜಾತಿಯ ಮರಗಳನ್ನು ಸೀಳಿ ಹಲಗೆ ಹಾಸಿದರು. ಕ್ರಮೇಣ ಹಲಗೆ ಕಿರಿದಾಯಿತು, ಎತ್ತರವಾಯಿತು, ದಾಟುವುದೇ ಆಟವಾಯಿತು. ‘ಸ್ಕಿನ್ನಿ’ ಎಂದು ಇಂದು ಜಗತ್ತಿನಾದ್ಯಂತ ಸವಾರರು ಕರೆಯುವ ಕಿರುಹಲಗೆಯ ಮೂಲ ಇದು. ನೀರು ಕೆಸರುಗಳನ್ನು ದಾಟಲು ಮರ ಹಾಸುವ ಕೆಲಸವನ್ನು ನಮ್ಮ ಹಿರಿಯರು ಎಷ್ಟು ತಲೆಮಾರುಗಳಿಂದ ಮಾಡುತ್ತ ಬಂದರೋ ಲೆಕ್ಕವಿಟ್ಟವರಿಲ್ಲ. ವ್ಯತ್ಯಾಸವೆಂದರೆ ಇಲ್ಲಿ ಅದು ಆಟವಾಗಲಿಲ್ಲ, ಆಗುವ ಸ್ಥಿತಿಯೂ ಇರಲಿಲ್ಲ.

ಎರಡು ಮೂರು ಅಡಿಕೆ ಮರಗಳನ್ನು ಹಳ್ಳಕ್ಕೆ ಅಡ್ಡ ಹಾಕಿ, ಬಳ್ಳಿಯಿಂದಲೋ ತಂತಿಯಿಂದಲೋ ಬಿಗಿದು, ಒಂದು ಪಕ್ಕಕ್ಕೆ ಬಿದಿರಿನ ಹಿಡಿಕೆ ಕಟ್ಟಿದರೆ ಅದು ಕಾಲುಸಂಕ. ಅಡಿಕೆ ಮರದ ಬಲವೆಲ್ಲ ಹೊರಮೈಯ ನಾರಿನಲ್ಲಿದೆ. ಒಳಗಿನ ತಿರುಳು ನೀರು ಕುಡಿದು ಬೇಗ ಕೊಳೆಯುತ್ತದೆ. ಹೊರಗಿನಿಂದ ಗಟ್ಟಿಯಾಗಿ ಕಾಣುವ ಮರ ಒಳಗೆ ಟೊಳ್ಳಾಗಿರುವುದು ಕಾಲಿಟ್ಟ ಮೇಲಷ್ಟೇ ತಿಳಿಯುತ್ತದೆ. ಆದ್ದರಿಂದಲೇ ಮಳೆಗಾಲಕ್ಕೆ ಮುನ್ನ ಊರವರು ಕೂಡಿ ಸಂಕವನ್ನು ಹೊಸದಾಗಿ ಕಟ್ಟುವುದು. ನಡೆಯುವವನ ಭಾರ ಅದಕ್ಕೆ ಗೊತ್ತು. ವೇಗವಾಗಿ ಏರಿ ನಡುವೆ ಬ್ರೇಕ್ ಹಿಡಿಯುವ ಸೈಕಲ್ಲಿನ ಎಳೆತಕ್ಕಾಗಿ ಅದನ್ನು ಯಾರೂ ಕಟ್ಟಿಲ್ಲ. ಎರಡೂವರೆ ಅಡಿ ಅಗಲದ ಹ್ಯಾಂಡಲ್ ಆ ಬಿದಿರಿನ ಹಿಡಿಕೆಗೆ ತಾಗಿದರೆ ಹಿಡಿಕೆ ಸಡಿಲವಾಗುತ್ತದೆ. ಸವಾರ ನಕ್ಕು ಮನೆಗೆ ಹೋಗುತ್ತಾನೆ. ಮರುದಿನ ಅದೇ ಹಿಡಿಕೆಯನ್ನು ನಂಬಿ ಪಾಟಿಚೀಲ ಹೊತ್ತ ಮಗುವೊಂದು ದಾಟಬೇಕು.

ಇದು ಊಹೆಯ ಭಯವಲ್ಲ. 2022ರ ಆಗಸ್ಟ್ ತಿಂಗಳಲ್ಲಿ, ಹೊಸನಗರದಿಂದ ಘಟ್ಟವಿಳಿದರೆ ಸಿಗುವ ಬೈಂದೂರು ತಾಲ್ಲೂಕಿನಲ್ಲಿ, ಶಾಲೆಯಿಂದ ಮರಳುತ್ತಿದ್ದ ಎರಡನೆಯ ತರಗತಿಯ ಬಾಲಕಿ ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು. ಮಲೆನಾಡು ಕರಾವಳಿಗಳ ಮಕ್ಕಳಿಗಾಗಿ ಕಿರುಸೇತುವೆ ಕಟ್ಟುವ ‘ಶಾಲಾ ಸಂಪರ್ಕ ಸೇತು’ ಯೋಜನೆಯನ್ನು ಸರ್ಕಾರ 2018ರಲ್ಲೇ ಪ್ರಕಟಿಸಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಹಳ್ಳ ದಾಟಿಸುವುದು ಅಸಾಧ್ಯದ ಕೆಲಸವೇನಲ್ಲ. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಮೊದಲ ತೂಗುಸೇತುವೆ ಕಟ್ಟಿ, ಅಲ್ಲಿಂದಾಚೆ ನೂರಕ್ಕೂ ಮಿಕ್ಕ ಸೇತುವೆಗಳನ್ನು ನಿಲ್ಲಿಸಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಒಬ್ಬ ಎಂಜಿನಿಯರು ಮಾಡಿ ತೋರಿಸಿದ್ದನ್ನು ಇಲಾಖೆಗಳು ಮಾಡಲಾರವೇ? ಮಕ್ಕಳು ಜೀವ ಕೈಯಲ್ಲಿ ಹಿಡಿದು ದಾಟುವ ಮರದ ಮೇಲೆ ಮೋಜಿನ ಸವಾರಿ ಮಾಡುವುದು ಅಪಾಯಕ್ಕಿಂತ ಹೆಚ್ಚಾಗಿ ಅಸಭ್ಯತೆ ಎಂದು ನನಗನ್ನಿಸುತ್ತದೆ.

ಇನ್ನು ಕಾನಿನ ವಿಚಾರ. ಇಲ್ಲಿ ಸೈಕಲ್ ಪಕ್ಷದವರ ವಾದಕ್ಕೆ ನ್ಯಾಯ ಸಲ್ಲಿಸಿಯೇ ಮುಂದೆ ಹೋಗಬೇಕು. ಅಮೆರಿಕದ ಮೊಂಟಾನಾ ರಾಜ್ಯದ ಕಾಡುದಾರಿಗಳಲ್ಲಿ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸೈಕಲ್ ಗಾಲಿಗಿಂತ ಕುದುರೆಯ ಗೊರಸೂ ಮನುಷ್ಯನ ಪಾದವೂ ಹೆಚ್ಚು ಮಣ್ಣನ್ನು ಸಡಿಲಿಸಿದವು. ಅದನ್ನು ಅಲ್ಲಗಳೆಯುವ ಅಗತ್ಯ ನನಗಿಲ್ಲ. ಆದರೆ ಮೊಂಟಾನಾದಲ್ಲಿ ಆಗುಂಬೆಯ ಮಳೆ ಸುರಿಯುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ, ಬಹುಪಾಲು ನಾಲ್ಕೇ ತಿಂಗಳಲ್ಲಿ, ಕಡಿದಾದ ಇಳಿಜಾರಿನ ಮೇಲೆ ಬೀಳುತ್ತದೆ. ಹೆಜ್ಜೆ ಬಿಡಿಬಿಡಿಯಾಗಿ ಬೀಳುತ್ತದೆ; ಗಾಲಿ ಬಿಡುವಿಲ್ಲದ ಗೆರೆಯೆಳೆಯುತ್ತದೆ. ಒಂದೇ ದಾರಿಯಲ್ಲಿ ನೂರು ಸಲ ಹೋದ ಗಾಲಿ ದರಗನ್ನು ಸರಿಸಿ, ಅದರಡಿಯ ಸಡಿಲ ಮಣ್ಣನ್ನು ಒತ್ತಿ, ಇಂಗುವ ರಂಧ್ರಗಳನ್ನು ಮುಚ್ಚುತ್ತದೆ. ಮೊದಲ ಮಳೆಗೆ ಆ ಗೆರೆ ಕಾಲುವೆಯಾಗುತ್ತದೆ, ಎರಡನೆಯ ವರ್ಷಕ್ಕೆ ಕೊರಕಲಾಗುತ್ತದೆ. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಫಲವತ್ತಾದ ಮೇಲ್ಮಣ್ಣಿರುವುದೇ ತೆಳುವಾಗಿ; ಅದು ತೊಳೆದುಹೋದರೆ ಕೆಳಗೆ ಸಿಗುವುದು ಕಲ್ಲು. ಕಾನಿನಲ್ಲಿ ಇಂಗಿದ ನೀರೇ ಬೇಸಿಗೆಯಲ್ಲಿ ಕೆಳಗಿನ ತೋಟದ ಅಬ್ಬಿಯಾಗಿ ಹೊರಡುವುದು. ಸೊಪ್ಪಿನಬೆಟ್ಟದ ದರಗು ಸವಾರನ ಕಣ್ಣಿಗೆ ಕಸವಾಗಿ ಕಂಡೀತು, ರೈತನಿಗೆ ಅದು ಗೊಬ್ಬರ.

ಹಲಗೆ ಹಾಸಿಬಿಟ್ಟರೆ ಗಾಲಿ ನೆಲಕ್ಕೆ ತಾಗುವುದೇ ಇಲ್ಲವಲ್ಲ, ಎನ್ನುವವರಿದ್ದಾರೆ. ಹಲಗೆಯ ಕಂಬ ನೆಡಲು ಅಗೆಯಬೇಕು, ಬೆಳಕಿಗೆಂದು ಕೊಂಬೆ ಸವರಬೇಕು, ಆಯ ತಪ್ಪಿದವನು ಇಳಿಯುವುದು ನೆಲಕ್ಕೇ. ಇಂಥ ಹಲಗೆದಾರಿ ಅತ್ಯಂತ ಮೋಹಕವಾಗಿ ಕಾಣುವುದು ಜಡ್ಡಿಗಳಲ್ಲಿ. ಸಾಗರದಿಂದ ಹೊನ್ನಾವರಕ್ಕಿಳಿಯುವ ಕಡೆಗಿರುವ ಕತ್ತಲೆಕಾನಿನ ರಾಂಪತ್ರೆ ಜಡ್ಡಿಗಳಂಥ ಜಾಗಗಳಲ್ಲಿ. ಉಸಿರಾಟಕ್ಕೆಂದು ಕೆಸರಿನಿಂದ ಮೇಲೆದ್ದ ಮಂಡಿಬೇರುಗಳ ಆ ಕಾಡಿನಿಂದ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರವನ್ನು ವಿಜ್ಞಾನ ಗುರುತಿಸಿದ್ದು 2000ದಲ್ಲಿ. ಇನ್ನೂ ಪರಿಚಯವೇ ಪೂರ್ತಿಯಾಗದ ಕಾಡಿಗೆ ಕಂಬ ನೆಡುವ ಆತುರವೇಕೆ?

ಮತ್ತೊಂದು ಅಪಾಯವನ್ನು ಪ್ರವಾಸೋದ್ಯಮದವರು ಎಣಿಕೆಗೇ ತೆಗೆದುಕೊಂಡಿಲ್ಲ: ಗಾಲಿಗಂಟಿದ ಮಣ್ಣು. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಫೈಟಾಫ್ತೊರಾವನ್ನು ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ವಿವರಿಸಿದರು. ಮೈಲುತುತ್ತ ಸುಣ್ಣಗಳ ದ್ರಾವಣವನ್ನು ನಾವು ಇಂದಿಗೂ ಹೊಡೆಯುತ್ತಿದ್ದೇವೆ. ನಮ್ಮ ಕೊಳೆರೋಗ ಮುಖ್ಯವಾಗಿ ಮಳೆಹನಿ ಗಾಳಿಗಳ ಮೂಲಕ ಹಬ್ಬುವಂಥದ್ದು, ಅದನ್ನು ಸೈಕಲ್ಲಿನ ತಲೆಗೆ ಕಟ್ಟುವುದು ಸಲ್ಲ. ಆದರೆ ಅದೇ ಕುಲದ ಬೇರೆ ಪ್ರಭೇದಗಳು ಪಶ್ಚಿಮ ಆಸ್ಟ್ರೇಲಿಯದಲ್ಲಿ ವಾಹನ, ಬೂಟುಗಳ ಮಣ್ಣಿನೊಡನೆ ಪಯಣಿಸಿ ಜರ್ರಾ ಕಾಡುಗಳನ್ನು ಒಣಗಿಸಿವೆ. ನ್ಯೂಜಿಲೆಂಡಿನಲ್ಲಿ ಕೌರಿ ಮರಗಳ ಉಳಿವಿಗಾಗಿ 2018ರಲ್ಲಿ ವೈಟಾಕೆರೆ ಬೆಟ್ಟಗಳ ಕಾಡನ್ನೇ ಜನರಿಗೆ ಮುಚ್ಚಬೇಕಾಯಿತು. ಎಲೆಚುಕ್ಕೆ ರೋಗದಿಂದ ತೋಟಗಳು ಸೊರಗಿರುವ ಈ ಹೊತ್ತಿನಲ್ಲಿ ಊರೂರ ಮಣ್ಣನ್ನು ಗಾಲಿಯಲ್ಲಿ ಹೊತ್ತು ತರುವವರಿಗೆ ಕಾನಿನ ಬಾಗಿಲು ತೆರೆಯುವುದು ಕೃಷಿಕನ ಬುದ್ಧಿಗೆ ಒಗ್ಗುವ ಮಾತಲ್ಲ.

ಕಾನೂನಿನ ಮಾತನ್ನು ಚುಟುಕಾಗಿ ಮುಗಿಸುತ್ತೇನೆ. ಶರಾವತಿ ಕಣಿವೆಯ ಅಭಯಾರಣ್ಯ 2019ರಲ್ಲಿ ಸಿಂಗಳೀಕದ ಹೆಸರನ್ನೂ ಸೇರಿಸಿಕೊಂಡು 930 ಚದರ ಕಿಲೋಮೀಟರಿಗೆ ವಿಸ್ತರಿಸಿತು. ಸೋಮೇಶ್ವರ, ಮೂಕಾಂಬಿಕಾ, ಶೆಟ್ಟಿಹಳ್ಳಿಗಳು ನಮ್ಮ ಸುತ್ತಲೇ ಇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಕ್ಕೆ ಹೊರಗಿನವರ ಪ್ರವೇಶಕ್ಕೇ ಅನುಮತಿ ಬೇಕು. ಆಟದ ಹಲಗೆ ಜೋಡಿಸುವುದಂತೂ ದೂರದ ಮಾತು. ಗಣಿಗಾರಿಕೆಯ ವಿರುದ್ಧ ಹೋರಾಡಿ ಉಳಿಸಿಕೊಂಡ ಅಂಬಾರಗುಡ್ಡ 2011ರಿಂದ ಜೀವವೈವಿಧ್ಯ ಪಾರಂಪರಿಕ ತಾಣ. ಅದನ್ನು ಗಣಿಯಿಂದ ಉಳಿಸಿದ್ದು ಗಾಲಿಗೆ ಒಪ್ಪಿಸಲೆಂದಲ್ಲ.

ಹಾಗಾದರೆ ಅಕೇಶಿಯಾ ನೆಡುತೋಪುಗಳಾಗಬಹುದಲ್ಲ, ಅಲ್ಲಿ ಹಾಳಾಗಲು ಏನಿದೆ ಎಂಬ ಜಾಣ ಪ್ರಶ್ನೆಯೂ ಬಂದಿದೆ. ಮೈಸೂರು ಕಾಗದ ಕಾರ್ಖಾನೆಗೆ 1980ರಲ್ಲಿ ಕೊಟ್ಟ ಆ ಅರಣ್ಯಭೂಮಿಯ ಗುತ್ತಿಗೆ 2020ರಲ್ಲಿ ಮುಗಿದಾಗ, ಅದನ್ನು ಮುಂದುವರಿಸುವುದರ ವಿರುದ್ಧ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ಬೀದಿಗಿಳಿದವರು ನಾವು. ಆ ನೆಲ ಸಹಜ ಕಾಡಾಗಿ ಮರಳಬೇಕೆಂಬುದು ನಮ್ಮ ಒತ್ತಾಯ. ನೆಲದ ಮೇಲೆ ಹೊಸ ಹಕ್ಕುದಾರರನ್ನು ನಾವೇ ಕೂರಿಸಿದರೆ ನಾಳೆ ಅವರನ್ನು ಎಬ್ಬಿಸುವವರಾರು? ಬೆಂಗಳೂರಿನ ತುರಹಳ್ಳಿ ಕಾಡಿನ ಕಥೆ ಕಣ್ಣೆದುರಿಗಿದೆ: ಅಭ್ಯಾಸಕ್ಕೆ ಬೇರೆ ಎಡೆಯಿಲ್ಲದ ಸವಾರರು ಆ ಕುರುಚಲು ಕಾಡನ್ನೇ ಆಶ್ರಯಿಸಿದರು, ಇಲಾಖೆ ಅಲ್ಲಿ ವೃಕ್ಷೋದ್ಯಾನ ಮಾಡಹೊರಟಾಗ 2021ರಲ್ಲಿ ನಾಗರಿಕರು ಪ್ರತಿಭಟಿಸಬೇಕಾಯಿತು. ಮಹಾನಗರದಲ್ಲಿ ಬಯಲಿಲ್ಲ, ಆದ್ದರಿಂದ ಕಾಡಿನ ಮೇಲೆ ಎಲ್ಲರ ಕಣ್ಣು. ನಮ್ಮಲ್ಲಿ ಬಯಲಿಗೇನು ಬರ?

ಕಿರುಹಲಗೆಯ ವಿದ್ಯೆಗೆ ಮರಗಳ ನೆರಳೂ ಬೇಕಿಲ್ಲ, ಬೆಟ್ಟದ ಏರೂ ಬೇಕಿಲ್ಲ. ಸ್ಕಾಟ್ಲೆಂಡಿನ ಡ್ಯಾನಿ ಮ್ಯಾಕ್‌ಆಸ್ಕಿಲ್ 2009ರಲ್ಲಿ ಜಗತ್ತಿನ ಗಮನ ಸೆಳೆದದ್ದು ಎಡಿನ್‌ಬರೋ ಪೇಟೆಯ ಕಬ್ಬಿಣದ ಬೇಲಿಯ ಮೇಲೆ ಸೈಕಲ್ ಓಡಿಸಿ. ಬೇಲಿ ನಮಗೆ ಬೇಡ. ಅಡಿಕೆ ಮರ ಸಾಕು. ರೋಗಕ್ಕೆ, ಗಾಳಿಗೆ ಬಿದ್ದ ಮರಗಳಿಗೆ ಇಂದು ಕೊರತೆಯಿಲ್ಲ. ಅಣಬೆರೋಗದ್ದಾದರೆ ಬುಡದ ಭಾಗವನ್ನು ತೋಟದಲ್ಲೇ ಕತ್ತರಿಸಿ ಸುಟ್ಟು ತರಬೇಕು. ಮೊದಲು ಅಂಗಳದಲ್ಲಿ ಸುಣ್ಣದ ಗೆರೆಯೆಳೆದು ಅದರ ಮೇಲೆ ನಡಿಗೆಯ ವೇಗದಲ್ಲಿ ಸಾಗುವುದು. ಮುಂದಿನ ಗಾಲಿಯನ್ನು ನೋಡಿದವನು ಬಿದ್ದ. ಗೆರೆಯ ತುದಿಯ ಮೇಲೆ ಕಣ್ಣಿಟ್ಟು ಪೆಡಲನ್ನು ಒಂದೇ ಹದದಲ್ಲಿ ತುಳಿದವನು ದಾಟಿದ. ಆಮೇಲೆ ನಾಲ್ಕು ದಬ್ಬೆ ಜೋಡಿಸಿ ಒಂದಡಿ ಅಗಲ, ಪಳಗಿದ ಮೇಲೆ ಎರಡು ದಬ್ಬೆ, ಕೊನೆಗೆ ಅರ್ಧ ಮಣ್ಣಿನಲ್ಲಿ ಹೂತ ಒಂಟಿ ಮರ. ಗೇಣಿಗಿಂತ ಎತ್ತರ ಬೇಡ, ತಲೆಗೆ ಹೆಲ್ಮೆಟ್ ಬೇಕು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮರದ ಮೇಲೆ ಯಾವ ವಿದ್ಯೆಯೂ ನಡೆಯದು. ಅಷ್ಟರಲ್ಲಿ ಒರಲೆ ಅದನ್ನು ತಿಂದು ಗೊಬ್ಬರ ಮಾಡಿರುತ್ತದೆ, ಮರುವರ್ಷಕ್ಕೆ ಹೊಸ ಮರ.

ಜಾಗ ಕೇಳುವಿರಾ? ಅಡಿಕೆ ಒಣಗಿಸುವ ಸುಗ್ಗಿ ಮುಗಿದ ಅಂಗಳಗಳು, ಶಾಲೆಯ ಮೈದಾನದ ಒಂದು ಮೂಲೆ, ಕೊಯ್ಲಾಗಿ ಒಣಗಿದ ಮಕ್ಕಿಗದ್ದೆಗಳು. ಗದ್ದೆಯ ಅಂಚಿನ ಮೇಲೆ ಮಾತ್ರ ಸವಾರಿ ಸಲ್ಲದು. ಏಡಿಬಿಲಗಳಿಂದ ಟೊಳ್ಳಾದ ಅಂಚು ಕುಸಿದರೆ ಬರುವ ಮಳೆಗಾಲಕ್ಕೆ ನೀರು ನಿಲ್ಲುವುದಿಲ್ಲ. ಎಲ್ಲಕ್ಕಿಂತ ಪ್ರಶಸ್ತವಾದದ್ದು ಕಲ್ಲು ತೆಗೆದು ಕೈಬಿಟ್ಟ ಜಂಬಿಟ್ಟಿಗೆ ಕ್ವಾರಿಗಳು. ಅಲ್ಲಿ ತೊಳೆದುಹೋಗಲು ಮಣ್ಣೇ ಉಳಿದಿಲ್ಲ. ಕಡಿದ ಗೋಡೆಗಳಿಗೆ ಬೇಲಿ ಹಾಕಿ, ನೀರು ನಿಲ್ಲುವ ಗುಂಡಿಗಳನ್ನು ತುಂಬಿಸಿ, ಜನವರಿಯಿಂದ ಮೇ ತನಕ ಬಳಸಿದರೆ ಮಕ್ಕಳಿಗೆ ಜಾಗವಾಯಿತು. ಮಳೆಗಾಲದಲ್ಲಿ ದನಕರುಗಳನ್ನೂ ಮಕ್ಕಳನ್ನೂ ನುಂಗುವ ಹೊಂಡಕ್ಕೆ ಬೇಲಿಯೂ ಆಯಿತು. ಬಿದ್ದರೆ ಮೊಣಕಾಲು ತರಚೀತು. ಜಂಬಿಟ್ಟಿಗೆಯ ಗಾಯ ಮಲೆನಾಡಿನ ಮಕ್ಕಳಿಗೆ ಹೊಸದೇನಲ್ಲ.

ಮೂರೂ ತಾಲ್ಲೂಕುಗಳ ಸದಸ್ಯರು ಬರುವ ಗ್ರಾಮಸಭೆಗಳಲ್ಲಿ ಎರಡು ಅರ್ಜಿಗಳನ್ನು ಒಟ್ಟಿಗೇ ಕೊಡಬೇಕೆಂದು ಕೋರುತ್ತೇನೆ. ಒಂದು, ತಮ್ಮ ಪಂಚಾಯಿತಿಯಲ್ಲಿ ಶಾಲಾಮಕ್ಕಳು ದಾಟುವ ಪ್ರತಿಯೊಂದು ಕಾಲುಸಂಕದ ಪಟ್ಟಿ, ಹಳ್ಳದ ಹೆಸರು, ದಾಟುವ ಮಕ್ಕಳ ಸಂಖ್ಯೆಗಳೊಡನೆ. ಇನ್ನೊಂದು, ಕೈಬಿಟ್ಟ ಕ್ವಾರಿಯೊಂದನ್ನು ಸೈಕಲ್ ಅಭ್ಯಾಸಕ್ಕೆ ಗೊತ್ತುಪಡಿಸುವ ಮನವಿ. ಹಣ ಎರಡಕ್ಕೂ ಸಾಲದೆಂದು ಅಧ್ಯಕ್ಷರು ಹೇಳಿದರೆ, ಮೊದಲ ಅರ್ಜಿಯ ಕೆಲಸ ಮುಗಿಯುವ ತನಕ ಎರಡನೆಯದು ಕಾಯಲಿ ಎಂದು ಸೈಕಲ್ ಸವಾರರಿಂದಲೇ ಸಹಿ ಹಾಕಿಸಿ.