ವಂಡ್ಸೆಯ ವಿದ್ಯಾರ್ಥಿಗೆ ದಾರಿ ತೋರುವವರಾರು?

ಪಿ.ಯು.ಸಿ. ಪರೀಕ್ಷೆಯ ಫಲಿತಾಂಶ ಪ್ರಕಟವಾದಂದು ನಮ್ಮ ಕರಾವಳಿಯು ತಲೆಯೆತ್ತಿ ನಿಲ್ಲುವುದು ವಾಡಿಕೆಯಾಗಿದೆ. 2024ರಲ್ಲಿ ದಕ್ಷಿಣ ಕನ್ನಡವು ರಾಜ್ಯಕ್ಕೆ ಮೊದಲನೆಯದೂ ಉಡುಪಿಯು ಎರಡನೆಯದೂ ಆದವು. 2025ರಲ್ಲಿ ಉಡುಪಿಯು ನೂರಕ್ಕೆ 93.90ರಷ್ಟು ತೇರ್ಗಡೆಯೊಡನೆ ಪ್ರಥಮ ಸ್ಥಾನವನ್ನೇರಿತು. ಅಧ್ಯಾಪಕರ ಪರಿಶ್ರಮಕ್ಕೂ ತಾಯಿತಂದೆಗಳ ತ್ಯಾಗಕ್ಕೂ ಇದು ಸಂದ ಫಲವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಭಿನಂದನೆಯ ಹಾರಗಳು ಬಾಡಿದ ಬಳಿಕ ಕೇಳಬೇಕಾದ ಪ್ರಶ್ನೆಯೊಂದುಂಟು: ತೇರ್ಗಡೆಯಾದ ವಿದ್ಯಾರ್ಥಿಯು ಮುಂದೆ ಹೋಗುವುದೆಲ್ಲಿಗೆ? ಆ ದಾರಿಯನ್ನು ಅವನಿಗೆ ಹೇಳಿದವರಾರು?

ಕುಂದಾಪುರದಿಂದ ಕೊಲ್ಲೂರಿಗೆ ಹೋಗುವ ಮಾರ್ಗದಲ್ಲಿರುವ ವಂಡ್ಸೆಯನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಪೇಟೆಯ ವಕೀಲರ ಅಥವಾ ವೈದ್ಯರ ಮಗನಿಗೆ ಯಾವ ಪರೀಕ್ಷೆಗೆ ಎಂದು ಅರ್ಜಿ ಹಾಕಬೇಕೆಂಬುದು ಊಟದ ಮಣೆಯ ಮೇಲೆಯೇ ತಿಳಿಯುತ್ತದೆ. ವಂಡ್ಸೆ, ಚಿತ್ತೂರು, ಇಡೂರು, ಜಡ್ಕಲ್, ಮುದೂರುಗಳ ಬೇಸಾಯಗಾರನ ಮಗಳಿಗೆ ಅದನ್ನು ಹೇಳುವವರು ಮನೆಯಲ್ಲಿಲ್ಲ. ಬುದ್ಧಿಯಲ್ಲಿ ಇಬ್ಬರೂ ಸಮಾನರು. ಭೇದವಿರುವುದು ತಿಳಿವಳಿಕೆಯಲ್ಲಿ ಮಾತ್ರ.

ಹಿಂದಿನವರ ಕಷ್ಟವು ಬೇರೆಯಾಗಿತ್ತು. ಮಂಗಳೂರಿನಲ್ಲಿ ಸೇಂಟ್ ಅಲೋಶಿಯಸ್ ಕಾಲೇಜು 1880ರಲ್ಲಿ ಆರಂಭವಾದರೂ ಉಡುಪಿಗೆ ಎಂ.ಜಿ.ಎಂ. ಕಾಲೇಜು ಬಂದದ್ದು 1949ರಲ್ಲಿ. ಕುಂದಾಪುರಕ್ಕೆ ಭಂಡಾರ್ಕಾರ್ಸ್ ಕಾಲೇಜು ಬಂದದ್ದು 1963ರಲ್ಲಿ. ಮಂಗಳೂರು ವಿಶ್ವವಿದ್ಯಾನಿಲಯದ ಸ್ಥಾಪನೆಯಾದದ್ದು 1980ರಲ್ಲಿ. ಅಷ್ಟರೊಳಗೆ ಎಷ್ಟೋ ತರುಣರು ಮುಂಬಯಿಯ ಹೋಟೆಲುಗಳಲ್ಲಿ ಹಗಲು ದುಡಿದು ರಾತ್ರಿಶಾಲೆಗಳಲ್ಲಿ ಓದಿದರು. ಅಂದು ಬಾಗಿಲುಗಳೇ ಇರಲಿಲ್ಲ. ಇಂದು ಬಾಗಿಲುಗಳು ಹತ್ತಾರು. ಯಾವುದು ಎಂದು ತೆರೆಯುತ್ತದೆ, ಎಂದು ಮುಚ್ಚುತ್ತದೆ ಎಂಬುದನ್ನು ಅರಿಯದವನಿಗೆ ಅವೆಲ್ಲವೂ ಗೋಡೆಗಳೇ.

ವೈದ್ಯಕೀಯಕ್ಕೆ ನೀಟ್ ಪರೀಕ್ಷೆ, ಇಂಜಿನಿಯರಿಂಗಿಗೆ ಸಿ.ಇ.ಟಿ., ಕೇಂದ್ರೀಯ ವಿಶ್ವವಿದ್ಯಾನಿಲಯಗಳಿಗೆ 2022ರಿಂದ ಸಿ.ಯು.ಇ.ಟಿ. - ಪ್ರತಿಯೊಂದಕ್ಕೂ ಬೇರೆ ಅರ್ಜಿ, ಬೇರೆ ಗಡುವು. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಸಿ.ಇ.ಟಿ. ಪ್ರವೇಶದಲ್ಲಿ ನೂರಕ್ಕೆ 15ರಷ್ಟೂ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5ರಷ್ಟೂ ನಿಯಮಾನುಸಾರ ಮೀಸಲುಂಟು. ಕೃಷಿಪದವಿಗಳಲ್ಲಿ ಬೇಸಾಯಗಾರರ ಮಕ್ಕಳಿಗೆ ಪ್ರತ್ಯೇಕ ಸ್ಥಾನಗಳುಂಟು. ಇವು ಸಾಕ್ಷಾತ್ ವಂಡ್ಸೆಯ ಮಕ್ಕಳಿಗಾಗಿಯೇ ಮಾಡಿದಂತಿರುವ ಸವಲತ್ತುಗಳು. ಆದರೆ ಪ್ರಮಾಣಪತ್ರವಿಲ್ಲದೆ ಹಕ್ಕಿಲ್ಲ. ನಾಡಕಚೇರಿಗೂ ಶಿಕ್ಷಣಾಧಿಕಾರಿಗಳ ಕಚೇರಿಗೂ ಅಲೆಯುವುದರೊಳಗೆ ಗಡುವು ಕಳೆದರೆ ಸವಲತ್ತು ಕಾಗದದ ಮೇಲೆಯೇ ಉಳಿಯುತ್ತದೆ. ಕಾಲೇಜುಗಳ ಆಯ್ಕೆಯನ್ನು ಅನುಕ್ರಮವಾಗಿ ನಮೂದಿಸುವಾಗ ಆಗುವ ಒಂದು ತಪ್ಪೂ ವರ್ಷಗಳ ಓದನ್ನು ಬೇರೆ ದಾರಿಗೆ ತಿರುಗಿಸಬಲ್ಲದು.

ವೈದ್ಯ, ಇಂಜಿನಿಯರ್ ಎಂಬ ಎರಡೇ ಪದಗಳ ಸುತ್ತ ನಮ್ಮ ಮನೆಗಳು ತಿರುಗುತ್ತಿರುವುದೂ ಶ್ರೇಯಸ್ಕರವಲ್ಲ. ಕಡಲನ್ನು ಕಂಡು ಬೆಳೆದವರಿಗೆ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯವು 1969ರಿಂದ ತೆರೆದಿದೆ. ಅಧ್ಯಾಪಕರಾಗಬೇಕೆನ್ನುವವರಿಗೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯುಂಟು. ವಾಣಿಜ್ಯ ಓದಿದವರು ಪಿ.ಯು.ಸಿ. ಮುಗಿದೊಡನೆ ಲೆಕ್ಕಪರಿಶೋಧಕರ ಪ್ರಾಥಮಿಕ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಹೋಟೆಲಿನ ಕಾಯಕವೂ ಹೀನವಲ್ಲ. ಈ ಜಿಲ್ಲೆಯ ಹೆಸರನ್ನು ನಾಡಿನಾಚೆಗೆ ಒಯ್ದದ್ದು ಅದೇ. ಆದರೆ ಅರಿತು ಆರಿಸಿಕೊಂಡು ಹೋಗುವುದು ಬೇರೆ, ಅರಿಯದೆ ಬೇರೆ ಗತಿಯಿಲ್ಲದೆ ಹೋಗುವುದು ಬೇರೆ. ಹುಡುಗಿಯ ಪಾಲಿಗಂತೂ ಕಳೆದುಹೋದ ಒಂದು ವರ್ಷವು ಅನೇಕ ವೇಳೆ ಓದಿಗೇ ಮಂಗಳ ಹಾಡುತ್ತದೆ.

ಇದಕ್ಕೆ ಲಕ್ಷಾಂತರ ರೂಪಾಯಿಗಳ ಯೋಜನೆ ಬೇಕಿಲ್ಲ. ವಂಡ್ಸೆಯಂತಹ ಹೋಬಳಿಯ ಕೇಂದ್ರದಲ್ಲಿ, ಶಾಲೆಯಲ್ಲಾಗಲಿ ಪಂಚಾಯತಿಯ ವಾಚನಾಲಯದಲ್ಲಾಗಲಿ, ತಿಂಗಳಿಗೊಂದು ರವಿವಾರ ಅಂತಿಮ ವರ್ಷದ ವಿದ್ಯಾರ್ಥಿಗಳನ್ನೂ ಪೋಷಕರನ್ನೂ ಕೂಡಿಸಬೇಕು. ಗಡುವುಗಳ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಗೋಡೆಗೆ ಹಚ್ಚಬೇಕು. ನಿವೃತ್ತ ಉಪಾಧ್ಯಾಯರೂ ಬ್ಯಾಂಕಿನವರೂ ಶಿಕ್ಷಣಸಾಲ ಮತ್ತು ವಿದ್ಯಾರ್ಥಿವೇತನಗಳ ವಿಚಾರವನ್ನು ತಿಳಿಸಬೇಕು. ನಾಡಕಚೇರಿಯವರು ಪ್ರಮಾಣಪತ್ರಗಳ ಅರ್ಜಿಗಳನ್ನು ಅಲ್ಲಿಯೇ ಸ್ವೀಕರಿಸಿದರೆ ಬಡವನ ದಿನಗೂಲಿ ಉಳಿದೀತು. ಬೆಂಗಳೂರು, ಮುಂಬಯಿಗಳಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು ಊರ ಜಾತ್ರೆಗೆ ಬಂದಾಗ ಒಂದು ಗಂಟೆಯನ್ನು ಈ ಮಕ್ಕಳಿಗೆ ಕೊಟ್ಟರೆ ಅದೂ ದೇವರ ಸೇವೆಯೇ. ಇದೆಲ್ಲವೂ ಫಲಿತಾಂಶದ ಬಳಿಕವಲ್ಲ, ವರ್ಷಾರಂಭದಲ್ಲಿಯೇ ಮೊದಲಾಗತಕ್ಕದ್ದು.

ಅಧಿಕಾರಿಗಳಿಗೂ ಪುರಜನರಿಗೂ ನಮ್ಮ ವಿನಂತಿಯಿಷ್ಟೆ. ಮಕ್ಕಳು ತಮ್ಮ ಪಾಲಿನ ಕೆಲಸವನ್ನು ಮಾಡಿ ತೋರಿಸಿದ್ದಾರೆ. ಜಿಲ್ಲೆಗೆ ಕೀರ್ತಿಯನ್ನು ತಂದುಕೊಟ್ಟಿದ್ದಾರೆ. ಆ ಕೀರ್ತಿಯ ಋಣವನ್ನು ತೀರಿಸಬೇಕಾದವರು ಹಿರಿಯರು. ಅಂಕಪಟ್ಟಿಯನ್ನು ಕೈಗಿತ್ತು ಕವಲುದಾರಿಯಲ್ಲಿ ಬಿಟ್ಟುಬರುವುದು ವಿದ್ಯಾದಾನವೆನಿಸದು. ಮುಂದಿನ ಊರಿನ ಹಾದಿಯನ್ನು ತೋರಿಸಿದಾಗಲೇ ಅದು ಪೂರ್ಣವಾದೀತು.