ಎಲೆಯ ಮುಂದೆ ನಾಸ್ತಿಕ

ದೇವರನ್ನು ನಂಬದವನು ಗುಡಿಯ ಬಾಗಿಲನ್ನು ತಪ್ಪಿಸಿ ನಡೆಯಬಲ್ಲನು. ಸ್ನೇಹಿತರ ಮನೆಯ ಎಲೆಯನ್ನು ತಪ್ಪಿಸುವುದು ಅಷ್ಟು ಸುಲಭವಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಕಡೆ ನಾಲ್ಕು ಮನೆಯ ಅನ್ನ ಉಂಡವನಿಗೆ ನಾಲ್ಕು ಬಗೆಯ ಪ್ರಾರ್ಥನೆ ಎದುರಾಗುತ್ತದೆ. ಮುಸಲ್ಮಾನ ಮಿತ್ರನು ತುತ್ತೆತ್ತುವ ಮುನ್ನ ‘ಬಿಸ್ಮಿಲ್ಲಾ’ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾನೆ. ಅತಿಥಿಯ ತುಟಿ ಅಲುಗಿತೇ ಎಂದು ನೋಡುವುದಿಲ್ಲ. ಲಿಂಗವಂತರ ಮನೆಯಲ್ಲಿ ಅನ್ನವು ಇಷ್ಟಲಿಂಗಕ್ಕೆ ಅರ್ಪಿತವಾಗಿ ಪ್ರಸಾದವಾಗುತ್ತದೆ. ಅಲ್ಲಿ ಎಲೆಯಲ್ಲಿ ಅಗುಳು ಬಿಡದಿದ್ದರೆ ಅತಿಥಿ ಗೆದ್ದಂತೆಯೇ. ಬ್ರಾಹ್ಮಣರು ಎಲೆಯ ಸುತ್ತ ನೀರು ಕಟ್ಟಿ, ಮೊದಲ ತುತ್ತುಗಳನ್ನು ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನಗಳೆಂಬ ಐದು ವಾಯುಗಳಿಗೆ ಸಲ್ಲಿಸುತ್ತಾರೆ. ತನ್ನ ಉಸಿರಿಗೇ ಆಹುತಿ ಕೊಡುವ ಈ ಕಲ್ಪನೆಯೊಡನೆ ನಾಸ್ತಿಕನಿಗೂ ದೊಡ್ಡ ಜಗಳವಿರಲಾರದು.

ತೊಡಕು ಬರುವುದು ಪಂಕ್ತಿಭೋಜನದಲ್ಲಿ. ಬಡಿಸಿ ಮುಗಿದೊಡನೆ ಹಿರಿಯರೊಬ್ಬರು ಹರನಾಮವನ್ನೋ ಗೋವಿಂದನಾಮವನ್ನೋ ಎತ್ತುತ್ತಾರೆ. ಸಾಲಿನ ಕಂಠಗಳೆಲ್ಲ ದನಿಗೂಡಿಸುತ್ತವೆ. ಒಂದು ಬಾಯಿ ಮಾತ್ರ ಮುಚ್ಚಿರುತ್ತದೆ. ಸ್ನೇಹಿತನ ತಾಯಿಯ ಕಣ್ಣಿಗೆ ಅದು ಬೀಳದಿರುವುದೆ? “ಒಂದು ಸಲ ಅಂದುಬಿಟ್ಟರೆ ನಾಲಗೆ ಸವೆಯುತ್ತದೇನಪ್ಪ?” ಎಂದು ಆಕೆ ಕೇಳಿಯಾರು. ನಾಲಗೆ ಸವೆಯುವುದಿಲ್ಲ, ನಿಜ. ಸವೆಯುವುದು ಆ ತಾಯಿಯ ಮಾತು. ಆಕೆ ಮನಸಾರೆ ನುಡಿಯುವ ಹೆಸರನ್ನು ಇವನು ಪಾಯಸದ ಆಸೆಗೆ ನುಡಿದರೆ, ಅಗೌರವ ಮೌನದ್ದೋ ಆ ನುಡಿಯದ್ದೋ?

“ಕನ್ನಡ ಮೇಷ್ಟರು ತರಗತಿಯಲ್ಲಿ ವಚನ ಓದುವುದಿಲ್ಲವೆ? ಇಲ್ಲೂ ಹಾಗೆಯೇ ಹೇಳಿ” ಎಂದು ಚತುರರು ವಾದಿಸುವುದುಂಟು. ತರಗತಿಯಲ್ಲಿ ಓದುವವನು ಕವಿಯ ಮಾತನ್ನು ಓದುತ್ತಿದ್ದಾನೆಂದು ಕೊನೆಯ ಬೆಂಚಿನ ಹುಡುಗನಿಗೂ ಗೊತ್ತು. ಪಂಕ್ತಿಯಲ್ಲಿ ಎತ್ತಿದ ದನಿ ಸ್ವಂತದ್ದೆಂದೇ ಲೆಕ್ಕ.

ಆದುದರಿಂದ ಸುಮ್ಮನೆ ಕುಳಿತಿರುವುದೇ ಸರಿ. ಆದರೆ ಕೈ ಅನ್ನದಿಂದ ದೂರವಿರಬೇಕು. ಮೊದಲ ಎಲೆಗೆ ಬಿದ್ದ ಅನ್ನ ಕೊನೆಯ ಎಲೆಗೂ ಬೀಳುವವರೆಗೆ ಯಾರೂ ತುತ್ತೆತ್ತದಂತೆ ಆ ನಾಮಸ್ಮರಣೆ ಕಾಯುತ್ತದೆ. ಆ ಕಾಯುವಿಕೆಯಲ್ಲಿ ನಾಸ್ತಿಕನು ಪೂರ್ಣಮನಸ್ಸಿನಿಂದ ಪಾಲುಗೊಳ್ಳಬಹುದು.

ಮುಗುಳ್ನಗೆಯಾಗಲಿ ಚರ್ಚೆಯಾಗಲಿ ಅಲ್ಲಿ ಸಲ್ಲದು. ಮಧುಗಿರಿಗೆ ನೆರೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯನವರು 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, ಪವಾಡಗಳ ಪರಿಶೀಲನೆಗೆ ಸಮಿತಿಯನ್ನು ರಚಿಸಿದರು. ಪವಾಡವು ಜನರ ಮುಂದೆ ಸಾರಿದ ಸಂಗತಿ, ಪ್ರಶ್ನಿಸಲೇಬೇಕು. ಉಣ್ಣುವ ಮುನ್ನ ಕೈಮುಗಿದ ಮುದುಕಿ ಯಾರಿಗೆ ಏನನ್ನು ಸಾರಿದಳು?

ಇನ್ನೊಂದು ಗಂಡಾಂತರವುಂಟು. ಮದುವೆಯೂಟದ ನಡುವೆ “ನೀವೊಂದು ಶ್ಲೋಕ ಹೇಳಿ, ಮೇಷ್ಟರೆ” ಎಂಬ ಒತ್ತಾಯ. ಓದಿದವನಿಗೆ ಇಲ್ಲಿ ದಾರಿಯಿದೆ. ಕನಕದಾಸರ ‘ರಾಮಧಾನ್ಯಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ವ್ಯಾಜ್ಯ ನಡೆಯುತ್ತದೆ, ರಾಗಿಯ ಕಡೆಯ ಪದ್ಯವೊಂದನ್ನು ಎತ್ತಬಹುದು. ಕೊನೆಗೆ ತೀರ್ಪು ಕೊಡುವವನು ಶ್ರೀರಾಮನೇ ಎಂಬುದು ನಿಜ. ಆದರೆ ಮುದ್ದೆ ಉಂಡು ಬೆಳೆದ ಈ ಸೀಮೆಯ ಪಂಕ್ತಿಯಲ್ಲಿ ರಾಗಿಯ ಪರವಾಗಿ ಯಾರು ನುಡಿದರೂ ಬಡಿಸುವವರು ಇನ್ನೊಂದು ಸೌಟು ತುಪ್ಪ ಹಾಕಿಯೇ ಮುಂದೆ ಹೋಗುತ್ತಾರೆ.